ನನ್ನ ಕೈಯಾಗಿದ್ದ ಅಕ್ಕ

ಅಕ್ಕನ ಬಲ ಮುಂಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಹಲ್ಲಿನ ಗುರುತಿತ್ತು. ಮೇಲಿನ ಸಾಲಿನದು ಐದು ಗುಳಿ, ಕೆಳಗಿನ ಸಾಲಿನದು ನಾಲ್ಕು. ಅಲ್ಲಿ ಚರ್ಮ ಬಿಳಿಚಿಕೊಂಡು ಗಂಟುಗಂಟಾಗಿತ್ತು. ಟೀ ಅಂಗಡಿಯ ಹತ್ತಿರ ಯಾರಾದರೂ "ನಾಯಿ ಕಚ್ತಾ?" ಎಂದು ಕೇಳಿದರೆ, "ಊಂ, ಮನೇಲಿ ಸಾಕಿರೋದು" ಎಂದು ನನ್ನ ಕಡೆ ತಿರುಗಿಯೂ ನೋಡದೆ ಹೇಳಿ, ನನ್ನ ಗಾಲಿಕುರ್ಚಿ ತಳ್ಳಿಕೊಂಡು ಮುಂದೆ ಹೋಗುತ್ತಿದ್ದಳು. ಆ ಹಲ್ಲು ನನ್ನದು.

ಕಚ್ಚಿದ್ದು ಅವಳು ಕೆಲಸಕ್ಕೆ ಬಂದ ಮೂರನೆಯ ದಿನ. ಕುತ್ತಿಗೆಯಿಂದ ಕೆಳಗೆ ಏನೂ ಅಲುಗಾಡದ ನನಗೆ ಆಗ ಉಳಿದಿದ್ದ ಆಯುಧ ಎರಡೇ, ಹಲ್ಲು ಮತ್ತು ಉಗುಳು. ಎರಡನ್ನೂ ಧಾರಾಳವಾಗಿ ಬಳಸುತ್ತಿದ್ದೆ.

ನಮ್ಮದು ಬೆಂಗಳೂರಿನ ಅಂಚಿನ ಕೋಗಿಲಿನ ಹಳೇ ಮನೆತನ. ತಾತನ ಕಾಲದಲ್ಲಿ ರಾಗಿ ಬೆಳೆದೆವು, ಅಪ್ಪನ ಕಾಲದಲ್ಲಿ ದ್ರಾಕ್ಷಿ, ಅಣ್ಣನ ಕಾಲಕ್ಕೆ ಬರೀ ಸೈಟು. ಆ ಅಣ್ಣನ ಬೈಕಿನ ಹಿಂದೆ ಕೂತು ಏರ್‌ಪೋರ್ಟ್ ರಸ್ತೆಯ ಸರ್ವೀಸ್ ರೋಡಿನಲ್ಲಿ ಹೋಗುತ್ತಿದ್ದಾಗ ನೀರಿನ ಟ್ಯಾಂಕರೊಂದು ಅಡ್ಡ ಬಂತು. ಅವನಿಗೆ ಮೊಣಕೈ ತರಚಿತು, ನನಗೆ ಕತ್ತು ಮುರಿಯಿತು. ಆಗ ನಾನು ಯಲಹಂಕದ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರಮ್ಮ.

ಆಸ್ಪತ್ರೆಯಿಂದ ಬಂದ ಮೇಲೆ ಮೂರು ವರ್ಷ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದೆ. ನೋಡಿಕೊಳ್ಳಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ತಿನ್ನಿಸುತ್ತಿದ್ದರು, ಒರೆಸುತ್ತಿದ್ದರು, ಹೊರಳಿಸಿ ಮಲಗಿಸುತ್ತಿದ್ದರು. ಆದರೆ ಹಸಿವಾಗಿದೆಯಾ ಎಂದು ಯಾರೂ ಕೇಳುತ್ತಿರಲಿಲ್ಲ. ಅವರಿಗೆ ಬಿಡುವಾದಾಗ ನನಗೆ ಹಸಿವಾಗಬೇಕು, ಅವರಿಗೆ ಸಾಕೆನಿಸಿದಾಗ ನನ್ನ ಹೊಟ್ಟೆ ತುಂಬಬೇಕು. ತಲೆ ಬಾಚುವುದು ರೇಜಿಗೆಯೆಂದು ಅತ್ತಿಗೆ ಒಂದು ದಿನ ಹೇಳದೆ ಕೇಳದೆ ನನ್ನ ತಲೆ ಬೋಳಿಸಿಬಿಟ್ಟಳು. ಅಂದು ಅಣ್ಣ ಬಾಯಿಗಿಟ್ಟ ಅನ್ನವನ್ನು ಅವನ ಮುಖಕ್ಕೇ ಉಗುಳಿದೆ. ಅವನು ಕೆನ್ನೆಗೆ ಬಾರಿಸಿದ. ಕುತ್ತಿಗೆಯಿಂದ ಮೇಲೆ ಮಾತ್ರ ಜೀವವಿರುವವರಿಗೆ ಕೆನ್ನೆಯ ಏಟು ಹೇಗೆ ಉರಿಯುತ್ತದೆಂದು ಉಳಿದವರಿಗೆ ತಿಳಿಯುವುದು ಕಷ್ಟ. ಇಡೀ ಮೈಯ ನೋವು ಅಲ್ಲೇ ಬಂದು ನಿಂತಿರುತ್ತದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ಅದನ್ನು ನೋಡಿದರು.

ಅಪ್ಪ ಹೆಚ್ಚು ಮಾತಿನವರಲ್ಲ. ಮುಂದಿನ ವಾರ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಹಿಂದಿನ ಬೀದಿಯಲ್ಲಿದ್ದ ಆರು ಬಾಡಿಗೆ ಮನೆಗಳ ಸಾಲನ್ನು ನನ್ನ ಹೆಸರಿಗೆ ಬರೆದುಬಿಟ್ಟರು. ಮೊದಲನೆಯದರಲ್ಲಿ ನಾನಿರಬೇಕು. ಉಳಿದ ಐದರ ಬಾಡಿಗೆಯಲ್ಲಿ ನನಗೊಂದು ಆಳು ಇರಬೇಕು. ಆಳು ಎಂದೇ ಅಂದರು, ಅವರಿಗೆ ಗೊತ್ತಿದ್ದ ಪದ ಅದೊಂದೇ.

ಹಾಗೆ ಬಂದವಳು ಅಕ್ಕ. ಬಾಗಲೂರಿನ ಕಡೆಯವಳು, ಐವತ್ತರ ಆಸುಪಾಸು, ಬಾಯಲ್ಲಿ ಸದಾ ಎಲೆಅಡಿಕೆ. ತೋಳುಗಳು ಗಾರೆ ಕೆಲಸದವರವು. ಹೊಡೆಯುತ್ತಿದ್ದ ಗಂಡನಿಗೆ ಒಂದು ದಿನ ತಿರುಗಿಸಿ ಹೊಡೆದು ತವರು ಸೇರಿದ್ದಳಂತೆ. ಹತ್ತು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಅಲ್ಲಿಂದ ಯಾಕೆ ತೆಗೆದರೆಂದು ಅಪ್ಪ ಕೇಳಿದರು.

"ಒಂದು ಮುದುಕಮ್ಮ ಮೂಗಿನ ಪೈಪು ಕಿತ್ಕಂತದೆ ಅಂತ ವಾರ್ಡ್‌ಬಾಯ್ ಎರಡೂ ಕೈನ ಮಂಚಕ್ಕೆ ಕಟ್ಟಾಕಿದ್ದ ಸಾಮಿ. ಬಿಚ್ಚಪ್ಪ ಅಂದೆ. ಬಿಚ್ಲಿಲ್ಲ. ಕಪಾಳಕ್ಕೆ ಬಿಟ್ಟೆ."

ಅಪ್ಪ ಸಂಬಳ ಹೇಳಿದರು. ಅವಳು ಭಾನುವಾರ ರಜ ಬೇಕೆಂದಳು, ಅದನ್ನು ಮೊದಲೇ ಮಾತಾಡಿಕೊಂಡುಬಿಡಬೇಕೆಂದಳು. ಭಾನುವಾರಗಳಿಗೆ ನಾಲ್ಕನೇ ಮನೆಯ ಬಾಡಿಗೆಯವರ ಸೊಸೆಯನ್ನು ಗೊತ್ತುಮಾಡಿದರು. ಅವಳನ್ನು ನಾವು ಕೊನೆಯವರೆಗೂ ಭಾನುವಾರದವಳು ಎಂದೇ ಕರೆದೆವು.

ಅಕ್ಕನದೊಂದು ಪದ್ಧತಿಯಿತ್ತು. ನಾನು ಬಾಯಿಬಿಟ್ಟು ಹೇಳದೆ ಏನೊಂದನ್ನೂ ಅವಳು ಮಾಡುತ್ತಿರಲಿಲ್ಲ. ತಟ್ಟೆಗೆ ಮುದ್ದೆ ಸಾರು ಹಾಕಿಕೊಂಡು ಮಂಚದ ಪಕ್ಕ ಕೂತು, "ಯೋಳಿ, ಮಾಡ್ತೀನಿ" ಎನ್ನುತ್ತಿದ್ದಳು. ಹೇಳಿದರೆ ತುತ್ತು, ಹೇಳದಿದ್ದರೆ ತಟ್ಟೆ ಹಾಗೇ ಆರುತ್ತಿತ್ತು. ನಾನು ಮಾತು ಬಿಟ್ಟು ಎಷ್ಟೋ ತಿಂಗಳಾಗಿದ್ದವು. ಮೊದಲ ದಿನ ಸಂಜೆಯವರೆಗೆ ಉಪವಾಸ ಕೆಡವಿದಳು. ಕೊನೆಗೆ ಅಪ್ಪ ಬಂದು ತಿನ್ನಿಸಿದರು. ಎರಡನೆಯ ದಿನವೂ ಅದೇ. ಎಷ್ಟು ಕೊಬ್ಬು ಇವಳಿಗೆ ಎಂದುಕೊಂಡೆ.

ಮೂರನೆಯ ದಿನ ನನ್ನ ಮೂಗಿನ ಮೇಲೆ ನೊಣ ಬಂದು ಕೂತಿತು. ಅವಳಿಗೆ ಕಾಣುತ್ತಿತ್ತು. ಅವಳಿಗೆ ಕಾಣುತ್ತಿದೆಯೆಂದು ನನಗೂ ಗೊತ್ತಿತ್ತು. ನೊಣ ಅತ್ತಿಂದಿತ್ತ ನಡೆಯಿತು, ಮೂಗಿನ ಹೊಳ್ಳೆಗೆ ಇಣುಕಿತು. ಅವಳು ಕೈಕಟ್ಟಿಕೊಂಡು ಕೂತೇ ಇದ್ದಳು. ಆಮೇಲೆ "ದಿಂಬು ಒಸಿ ಸರಿ ಮಾಡ್ಲಾ?" ಎಂದು ಕೇಳುತ್ತ ಕೈ ಹತ್ತಿರ ತಂದಳು. ಕಚ್ಚಿದೆ. ನಾಲಿಗೆಗೆ ರಕ್ತದ ಉಪ್ಪು ಹತ್ತಿದರೂ ಬಿಡಲಿಲ್ಲ. ಅವಳು ಕಿರುಚಲಿಲ್ಲ, ಕೈ ಎಳೆದುಕೊಳ್ಳಲಿಲ್ಲ, ಇನ್ನೊಂದು ಕೈ ಎತ್ತಲೂ ಇಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, "ಯಾವಾಗ ಬಿಡ್ತೀರಿ ಅಂತ ಯೋಳಿ. ಕಾಯ್ತೀನಿ" ಎಂದಳು.

ಬಿಟ್ಟೆ. ನನ್ನ ತುಟಿಯ ಮೇಲೆ ಅವಳ ರಕ್ತ, ಅದನ್ನು ಹುಡುಕಿಕೊಂಡು ಮತ್ತೆ ಆ ಹಾಳು ನೊಣ.

"ಮೂಗು ಕೆರೀತಿದೆ" ಎಂದೆ. ದನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ.

ರಕ್ತ ತೊಟ್ಟಿಕ್ಕುತ್ತಿದ್ದ ಕೈಯಲ್ಲೇ ಕೆರೆದಳು. "ಇಲ್ಲೇನಾ? ಒಸಿ ಮ್ಯಾಕಾ?"

"ಮೇಲೆ."

"ಅಂಗೆ ಬಾಯ್ಬಿಟ್ಟು ಯೋಳಿ. ನಿಮ್ ಮೈಗೆ ನೀವೇ ಯಜಮಾನ್ರು. ನಾನು ಬರೀ ಕೈ."

ಆಮೇಲೆ ನಾನು ಹೇಳಿದ್ದೇ ಹೇಳಿದ್ದು. ಮೂರು ವರ್ಷದ ಬಾಕಿ ಮಾತನ್ನೆಲ್ಲ ಅವಳ ಮೇಲೆ ಸುರಿದೆ. ಕಿಟಕಿ ತೆಗಿ, ಅಷ್ಟು ಬೇಡ, ಅರ್ಧ. ಸಾರಿಗೆ ಉಪ್ಪಿಲ್ಲ. ಎಡಗಾಲು ನೋಡು, ಬೆರಳು ಮಡಚಿಕೊಂಡಿದೆಯಾ. ಕೂದಲು ಬೆಳೆಸುತ್ತೇನೆ, ಎಣ್ಣೆ ಹಾಕು. ಅವಳು ನನ್ನನ್ನು ಸದಾ ನೀವು ಎಂದಳು. ನಾನು ನಾಚಿಕೆಯಿಲ್ಲದೆ ನೀನು ಎನ್ನುತ್ತಲೇ ಹೋದೆ. ದೊಡ್ಡಮನೆಯ ಚಾಳಿ ಅಷ್ಟು ಬೇಗ ಹೋಗುವುದಿಲ್ಲ.

ಗೋಡೆಗೆ ಕಪ್ಪು ಹಲಗೆ ಹಾಕಿಸಿ ಹತ್ತನೇ ತರಗತಿಯವರಿಗೆ ಮನೆಪಾಠ ಶುರುಮಾಡಿದೆ. ಅಕ್ಷರ ಬಾರದ ಅಕ್ಕ ನಾನು ಹೇಳಿದ ಹಾಗೆ ಗೆರೆ ಎಳೆದು, ತ್ರಿಭುಜ ಬರೆದು, ಅದರ ಮೂಲೆಗೆ ನಾನು ಹೇಳಿದ ಆಕಾರದ ಗುರುತು ಹಾಕುತ್ತಿದ್ದಳು. ಒಮ್ಮೆ ನಾನೇ ತಪ್ಪು ಹೇಳಿದೆ, ಅವಳು ಆ ತಪ್ಪನ್ನು ಹಾಗೇ ಬರೆದಳು. ಮಕ್ಕಳು ನಕ್ಕರು. ನಾನು ಅವಳನ್ನು ದುರುಗುಟ್ಟಿಕೊಂಡು ನೋಡಿದೆ. "ತಪ್ಪು ನಿಮ್ದು, ಗೆರೆ ನಂದು" ಎಂದು ಕೈ ಒರೆಸಿಕೊಂಡಳು.

ಅಪ್ಪ ತೀರಿಕೊಂಡ ವರ್ಷ ನಾವಿಬ್ಬರೂ ಒಂದು ಸರ್ಕಾರಿ ಕಚೇರಿಗೆ ಹೋದೆವು. ಸಹಾಯಕರನ್ನು ಇಟ್ಟುಕೊಳ್ಳುವವರಿಗೆ ಭತ್ಯೆ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಮೇಜಿನ ಹಿಂದಿದ್ದವರು ನನ್ನ ತಲೆಯ ಮೇಲಿಂದ ಅಕ್ಕನನ್ನು ಕೇಳಿದರು: "ಇವ್ರಿಗೆ ಮಾತು ಬರುತ್ತೇನಮ್ಮಾ?"

ಅಕ್ಕ ಮುಂಗೈ ಮುಂದೆ ಚಾಚಿ ಗುರುತು ತೋರಿಸಿದಳು. "ಬರ್ತದೆ. ಮಾತು ಬ್ಯಾಡಾಂದ್ರೆ ಇದೂ ಬರ್ತದೆ. ಅವ್ರನ್ನೇ ಕೇಳಿ."

ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ನನ್ನನ್ನು ಕೇಳಿದರು. ಅರ್ಜಿಯಲ್ಲಿ ಸಂಬಂಧ ಎಂಬ ಕಡೆ ಏನು ಬರೆಯುವುದೆಂಬಲ್ಲಿ ಕೆಲಸ ನಿಂತಿತು. ಸಂಬಳದವರು ಅಲ್ಲಿ ಬರುವಂತಿಲ್ಲ, ತಾಯಿಯೋ ಅತ್ತಿಗೆಯೋ ಆದರೆ ನೋಡಬಹುದು ಎಂದರು. ಅಂದರೆ ನನ್ನ ತಲೆ ಬೋಳಿಸಿದವಳಿಗೆ ಕೊಡುತ್ತಾರೆ, ಬೆಳೆದ ಕೂದಲು ಬಾಚುವವಳಿಗೆ ಕೊಡುವುದಿಲ್ಲ. ಅರ್ಜಿಯನ್ನು ಹರಿದುಹಾಕು ಎಂದೆ. ಅಕ್ಕ ಅಲ್ಲೇ, ಅವರ ಕಣ್ಣೆದುರೇ, ನಾಲ್ಕು ಚೂರು ಮಾಡಿದಳು. ಬರುವಾಗ ನಾನು ಹೇಳದಿದ್ದರೂ ಬಾಗಿಲಿಗೊಂದು ಒದ್ದಳು. ಅದೊಂದು ಮಾತ್ರ ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ನನ್ನ ಬದುಕು ನಿಂತಿದ್ದು ಐದು ಮನೆಗಳ ಬಾಡಿಗೆಯ ಮೇಲೆ. ಮನೆ ಹೋದರೆ ಅಕ್ಕ ಹೋಗುತ್ತಾಳೆ, ಅಕ್ಕ ಹೋದರೆ ನಾನು ಮತ್ತೆ ಹಿಂದಿನ ಕೋಣೆಗೆ. ಅಣ್ಣನಿಗೂ ಇದು ಚೆನ್ನಾಗಿ ಗೊತ್ತಿತ್ತು. ಆ ಸಾಲನ್ನೂ ಪಕ್ಕದ ಜಾಗವನ್ನೂ ಸೇರಿಸಿ ಅಪಾರ್ಟ್‌ಮೆಂಟ್ ಎಬ್ಬಿಸಲು ಬಿಲ್ಡರ್ ಒಬ್ಬನ ಜತೆ ಮಾತಾಗಿತ್ತು. ವಾರಕ್ಕೊಮ್ಮೆ ಬಂದು ಹೊಸ್ತಿಲಲ್ಲಿ ನಿಂತು, "ಒಡಹುಟ್ಟಿದೋನು ಬದುಕಿರುವಾಗ ಕೂಲಿಯವಳ ಕೈಲಿ ಮೈ ತೊಳೆಸ್ಕೊಂತೀಯ. ಊರಲ್ಲಿ ತಲೆ ಎತ್ತಂಗಿಲ್ಲ ನಾನು" ಎನ್ನುತ್ತಿದ್ದ. ನಾನು ಆಗಲ್ಲ ಎಂದೆ. ನಲ್ಲಿ ಪೈಪು ಒಡೆಸಿದ. ಬಾಡಿಗೆಯವರನ್ನು ಹೆದರಿಸಿದ. ಒಂದು ಬೆಳಿಗ್ಗೆ ಎದ್ದರೆ, ಕುರ್ಚಿ ಇಳಿಸಲು ಬಾಗಿಲ ಮುಂದೆ ಕಟ್ಟಿಸಿದ್ದ ಸಿಮೆಂಟಿನ ಇಳಿಜಾರನ್ನು ಹಾರೆ ಹಾಕಿ ಪುಡಿಪುಡಿ ಮಾಡಿಸಿದ್ದ. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನು ನೋಡಿದಳು. "ಯೋಳಿ."

"ಮತ್ತೆ ಕಟ್ಟು."

ಬಾಂಡ್ಲಿ, ಕರಣೆ ತಂದು ಅವಳೇ ಕಟ್ಟಿದಳು. ಮೊದಲಿನದಕ್ಕಿಂತ ಓರೆಯಾಗಿತ್ತು, ಆದರೆ ಗಟ್ಟಿಯಾಗಿತ್ತು.

ಆಮೇಲಿನ ತಿಂಗಳು, ಒಂದು ಮಂಗಳವಾರ ಮಧ್ಯಾಹ್ನ, ಅಕ್ಕ ಒಳಗೆ ಮುದ್ದೆ ತಿರುವುತ್ತಿದ್ದಳು. ಅಣ್ಣ ಇಬ್ಬರನ್ನು ಕರೆದುಕೊಂಡು ಒಳಗೆ ಬಂದ. ಸಾಕ್ಷಿಗಳಂತೆ. ಕೈಯಲ್ಲಿ ಛಾಪಾ ಕಾಗದ, ಜೇಬಿನಲ್ಲಿ ಶಾಯಿ ಪ್ಯಾಡು. ಮಾತೇ ಆಡದೆ ನನ್ನ ಕುರ್ಚಿಯ ಪಕ್ಕ ಕೂತು, ತೊಡೆಯ ಮೇಲಿದ್ದ ನನ್ನ ಕೈ ಎತ್ತಿಕೊಂಡ. ಬೇರೆ ಯಾರದೋ ಕೈಯನ್ನು ನೋಡುವಂತೆ ನಾನು ನೋಡುತ್ತಿದ್ದೆ. ಹಿಡಿದದ್ದು ನನಗೆ ತಿಳಿಯುವುದಿಲ್ಲ. ಅವನು ಹೆಬ್ಬೆರಳನ್ನು ಬಿಡಿಸಿ, ಪ್ಯಾಡಿಗೆ ಒತ್ತಿ ನೀಲಿ ಮಾಡಿದ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಿಟ್ಟು ಮೆತ್ತಿದ ಮುದ್ದೆಕೋಲು. ನನ್ನ ಕಣ್ಣನ್ನೇ ನೋಡುತ್ತ, "ಯೋಳಿ" ಎಂದಳು.

ನನಗೆ ಮಾತು ಹೊರಡಲಿಲ್ಲ. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಎಲ್ಲರ ಮೇಲೂ ಹರಿಹಾಯುವ ನಾನು, ಅವನು ಅಷ್ಟು ಹತ್ತಿರ ಬಂದಾಗ, ಹಿಂದಿನ ಕೋಣೆಯಲ್ಲಿದ್ದವಳೇ ಆಗಿಬಿಟ್ಟೆ. ಕೆನ್ನೆ ಹೊಡೆತಕ್ಕೆ ಕಾಯುವಂತೆ ಬಿಗಿದುಕೊಂಡಿತು.

"ಏನ್ ಕೇಳ್ತೀಯ ಅವಳ್ನ? ಹೋಗೇ ಒಳಕ್ಕೆ" ಎಂದು ಅಣ್ಣ ಎದ್ದು ಅವಳ ಕೆನ್ನೆಗೆ ಹೊಡೆದ. ಅವಳು ಅಲ್ಲಾಡಲಿಲ್ಲ. "ಯೋಳಿ" ಎಂದಳು ನನಗೆ. ಇನ್ನೊಂದು ಬಿತ್ತು. ಎಲೆಅಡಿಕೆಯ ಕೆಂಪೋ ರಕ್ತವೋ ತುಟಿಯಿಂದ ಇಳಿಯಿತು. ಸಾಕ್ಷಿಗೆ ಬಂದವನೊಬ್ಬ ಅವಳ ಜುಟ್ಟು ಹಿಡಿದು ಕಿಟಕಿಯ ಸರಳಿಗೆ ತಲೆ ಅಪ್ಪಳಿಸಿದ. ಒಂದು ಸಲ, ಎರಡು ಸಲ. ಎಡಗಿವಿ ಹರಿದು ರಕ್ತ ಕುತ್ತಿಗೆಗೆ ಇಳಿದು ರವಿಕೆ ನೆನೆಯಿತು. ಗಂಡನಿಗೆ ತಿರುಗಿಸಿ ಹೊಡೆದವಳು, ವಾರ್ಡ್‌ಬಾಯಿಯ ಕಪಾಳಕ್ಕೆ ಬಿಟ್ಟವಳು, ಅಂದು ಮುದ್ದೆಕೋಲನ್ನು ಕೆಳಗೇ ಹಿಡಿದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಅಣ್ಣ ಮತ್ತೆ ಕೂತು ನನ್ನ ನೀಲಿ ಹೆಬ್ಬೆರಳನ್ನು ಕಾಗದದ ಹತ್ತಿರ ತಂದ.

"ಹೊಡಿ" ಎಂದೆ.

ಮುದ್ದೆಕೋಲು ಒಂದೇ ಸಲ ಬಿತ್ತು, ಅಣ್ಣನ ಮಣಿಕಟ್ಟಿನ ಮೇಲೆ. ಒಣ ಸೌದೆ ಮುರಿದಂಥ ಸದ್ದಾಯಿತು. ಎರಡನೆಯದು ಜುಟ್ಟು ಹಿಡಿದಿದ್ದವನ ಮೊಣಕಾಲಿಗೆ. ಮೂರನೆಯವನು ಕಾಗದವನ್ನೂ ಚಪ್ಪಲಿಯನ್ನೂ ಬಿಟ್ಟು ಓಡಿದ. ಅಕ್ಕ ಕೋಲೆತ್ತಿಕೊಂಡು ನನ್ನ ಕಡೆ ತಿರುಗಿದಳು.

"ಸಾಕು" ಎಂದೆ. ಇಳಿಸಿದಳು.

ಠಾಣೆಗೆ ನಾಲ್ಕು ಮೆಟ್ಟಿಲು. ನನ್ನ ಕುರ್ಚಿ ಹತ್ತದಿದ್ದುದರಿಂದ ವಿಚಾರಣೆ ಹೊರಗೆ ಹೊಂಗೆ ಮರದ ಕೆಳಗೆ ನಡೆಯಿತು. ಅಣ್ಣ ಮುರಿದ ಕೈಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತಿದ್ದ. ಅಕ್ಕ ಕಿವಿಗೆ ಬಟ್ಟೆ ಒತ್ತಿಕೊಂಡು ನಿಂತಿದ್ದಳು. ಸಬ್‌ಇನ್‌ಸ್ಪೆಕ್ಟರ್ ಯಾರು ಹೊಡೆದದ್ದೆಂದು ಕೇಳಿದರು.

"ನಾನು" ಎಂದೆ.

"ನೀವ್ ಸುಮ್ನಿರಿ ಮೇಡಂ. ನಿಮ್ಗೆ ಕೈಯೇ ಆಡಲ್ಲ."

"ಕೈ ಅಲ್ಲಿ ನಿಂತಿದೆ ಸಾರ್. ಹೊಡಿ ಅಂದಿದ್ದು ನಾನು. ಅನ್ನೋವರೆಗೂ ಅದು ಒಂದೇಟೂ ಹೊಡೀಲಿಲ್ಲ. ಬೇಕಾದ್ರೆ ನಮ್ಮಣ್ಣನ್ನೇ ಕೇಳಿ. ಬರೆಯೋದಾದ್ರೆ ನನ್ ಹೆಸ್ರು ಬರೀರಿ."

ಪಕ್ಕದಲ್ಲಿದ್ದ ಪೇದೆ ನಕ್ಕ. ಸಬ್‌ಇನ್‌ಸ್ಪೆಕ್ಟರ್ ನಗಲಿಲ್ಲ. ನನ್ನ ತೊಡೆಯ ಮೇಲೆ ಇನ್ನೂ ನೀಲಿಯಾಗಿಯೇ ಇದ್ದ ಹೆಬ್ಬೆರಳನ್ನು ನೋಡಿದರು, ಅಣ್ಣನ ಜೇಬಿನ ಶಾಯಿ ಕಲೆಯನ್ನು ನೋಡಿದರು. ಅಣ್ಣ ಇದ್ದಕ್ಕಿದ್ದಂತೆ ಅಳತೊಡಗಿದ. "ಗಾಡಿ ಓಡಿಸ್ತಿದ್ದೋನು ನಾನು ಸಾ. ಇವಳ್ನ ನಾನೇ ಸಾಕ್ತೀನಿ ಅಂದ್ರೆ ತಪ್ಪಾ?" ಅವನನ್ನು ಕಂಡು ಮರುಕ ಹುಟ್ಟಿತು, ಸುಳ್ಳು ಹೇಳಲಾರೆ. ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆದರೂ "ಸಾಕೋದು ಬೇಡ ಅಣ್ಣ. ನನ್ನನ್ನು ಕೇಳಿದ್ದರೆ ಸಾಕಾಗಿತ್ತು" ಎಂದೆ. ಛಾಪಾ ಕಾಗದ ಠಾಣೆಯಲ್ಲೇ ಹರಿಯಿತು. ಎರಡೂ ಕಡೆಯವರು ಬರೆದುಕೊಟ್ಟು ಬಂದೆವು. ಅಣ್ಣ ಮತ್ತೆ ನನ್ನ ಹೊಸ್ತಿಲು ತುಳಿಯಲಿಲ್ಲ.

ಕುರ್ಚಿ ತಳ್ಳಿಕೊಂಡು ಬರುವಾಗ ಕೋಗಿಲು ಕ್ರಾಸಿನಲ್ಲಿ ಅಕ್ಕ ನಿಂತಳು. ಒಂದೇ ಒಂದು ಕೇಳಿದಳು.

"ಇಷ್ಟೊತ್ತು ಯಾಕ್ ತಗಂಡ್ರಿ?"

ಮತ್ತೆ ಯಾವತ್ತೂ ಅದನ್ನು ಕೇಳಲಿಲ್ಲ. ಅವಳ ಎಡಗಿವಿ ಹೋಯಿತು. ಆ ಕಡೆಯಿಂದ ಏನಾದರೂ ಹೇಳಿದರೆ ಬಂದು ನನ್ನ ಕುರ್ಚಿಯನ್ನು ತನ್ನ ಬಲಕ್ಕೆ ತಿರುಗಿಸಿಕೊಂಡು, "ಈಗ ಯೋಳಿ" ಎನ್ನುತ್ತಿದ್ದಳು. ಪ್ರತಿ ಸಲ ಕುರ್ಚಿ ತಿರುಗಿದಾಗಲೂ ಆ ಮಂಗಳವಾರ ನನ್ನ ಕಣ್ಣ ಮುಂದೆ ಬರುತ್ತಿತ್ತು. ಅವಳ ಕಿವಿ ತೆಗೆದದ್ದು ಕಿಟಕಿಯ ಸರಳು ಎಂದು ಡಾಕ್ಟರು ಬರೆದಿದ್ದರು. ನನ್ನ ಮೌನ ಎಂದು ನನಗೆ ಗೊತ್ತು.

ಹೋದ ವರ್ಷ ಯುಗಾದಿ ಕಳೆದ ವಾರ ಅಕ್ಕ ಅಡುಗೆಮನೆಯಲ್ಲಿ ಬಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಮಾತು ಹೋಯಿತು, ಬಲಭಾಗ ಪೂರ್ತಿ ಹೋಯಿತು. ಮೂರನೆಯ ದಿನ ಮಧ್ಯಾಹ್ನ ಭಾನುವಾರದವಳು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಕ್ಕನ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದ್ದರು. ಮೂಗಿನ ಪೈಪು ಕಿತ್ತುಕೊಳ್ಳುತ್ತಾರೆ ಎಂದು ನರ್ಸ್ ಹೇಳಿದರು. ಬಲಗೈ ಅಲ್ಲಾಡುವ ಹಾಗೇ ಇರಲಿಲ್ಲ, ಅದನ್ನೂ ಕಟ್ಟಿದ್ದರು. ನನ್ನ ಹಲ್ಲಿನ ಗುರುತಿನ ಮೇಲೇ ಗಂಟು ಬಿದ್ದಿತ್ತು.

ನನ್ನ ಕುರ್ಚಿಯನ್ನು ಅವಳ ಬಲಗಿವಿಯ ಹತ್ತಿರಕ್ಕೆ ತಿರುಗಿಸಲು ಭಾನುವಾರದವಳಿಗೆ ಹೇಳಿದೆ. "ಹೇಳಿ ಅಕ್ಕಾ, ಮಾಡ್ತೀನಿ" ಎಂದೆ.

ಅಕ್ಕನ ಕಣ್ಣು ನನ್ನ ಮುಖದಿಂದ ಎಡಗೈಗೆ ಹೋಯಿತು. ಮತ್ತೆ ನನ್ನ ಮುಖಕ್ಕೆ ಬಂತು. ಮತ್ತೆ ಕೈಗೆ ಹೋಯಿತು.

ಈ ಸಲ ನಾನು ತಡಮಾಡಲಿಲ್ಲ. "ಬಿಚ್ಚು" ಎಂದೆ ಭಾನುವಾರದವಳಿಗೆ. ಅವಳು ಬಲಗೈಯ ಗಂಟು ಬಿಚ್ಚಿದಳು. ನರ್ಸ್ ಕೂಗಿದರು. ವಾರ್ಡಿನವನೊಬ್ಬ ಓಡಿ ಬಂದು ಅವಳ ತೋಳು ಹಿಡಿದು ಎಳೆದು, ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲಿಟ್ಟು ಕುರ್ಚಿಯನ್ನು ಪಕ್ಕಕ್ಕೆ ತಳ್ಳಲು ಹೋದ. ಆ ಕೈ ನನ್ನ ಬಾಯಿಗೆ ಸಿಗುವಷ್ಟು ಹತ್ತಿರವಿತ್ತು. ಕಚ್ಚಿದೆ. ಅವನು ಭಾನುವಾರದವಳನ್ನು ಬಿಟ್ಟು, ಅವಳನ್ನು ಹಿಡಿದಿದ್ದ ಕೈಯಿಂದ ನನ್ನ ಕೆನ್ನೆಗೆ ಹೊಡೆದ, ಎರಡು ಸಲ. ಮೈಯ ನೋವೆಲ್ಲ ಅಲ್ಲೇ ಬಂದು ನಿಂತಿತು. "ಆ ಕಡೇದು" ಎಂದು ಹೇಳಲು ಬಾಯಿ ಖಾಲಿ ಇರಲಿಲ್ಲ. ಭಾನುವಾರದವಳು ನನ್ನ ಕಣ್ಣು ನೋಡಿಯೇ ಮಂಚ ಸುತ್ತಿಕೊಂಡು ಹೋದಳು. ಎಡಗೈಯ ಗಂಟು ಬಿಗಿಯಾಗಿತ್ತು, ಅವಳ ಉಗುರು ಜಾರುತ್ತಿತ್ತು. ಅದು ಬಿಚ್ಚುವವರೆಗೂ ನಾನು ಹಲ್ಲು ಸಡಿಲಿಸಲಿಲ್ಲ.

ಅಕ್ಕನ ಎಡಗೈ ಮೆಲ್ಲಗೆ ಮೇಲೆದ್ದಿತು. ನರ್ಸ್ ಪೈಪು ಹಿಡಿದುಕೊಳ್ಳಲು ಮುಂದೆ ಬಂದರು. ಅಕ್ಕ ಪೈಪು ಮುಟ್ಟಲಿಲ್ಲ. ಮೂಗಿನ ತುದಿ ಕೆರೆದುಕೊಂಡಳು. ಇಲ್ಲಲ್ಲ, ಇನ್ನೂ ಒಸಿ ಮೇಲೆ, ಅಲ್ಲಿ. ತುಂಬ ಹೊತ್ತು ಕೆರೆದುಕೊಂಡಳು. ಮೂರು ದಿನದಿಂದ ಕೆರೆಯುತ್ತಿತ್ತೋ ಏನೋ. ಆಮೇಲೆ ನನ್ನ ಬಾಯಿಗೆ ಅಂಟಿದ್ದ ರಕ್ತ ನೋಡಿ ಅವಳ ಮುಖದ ಉಳಿದರ್ಧ ನಕ್ಕಿತು.

ಆಸ್ಪತ್ರೆಯವರು ನನ್ನ ಮೇಲೆ ದೂರು ಬರೆದುಕೊಂಡರು. ಯಾರು ಕಚ್ಚಿದ್ದೆಂಬ ಬಗ್ಗೆ ಈ ಸಲ ಯಾರಿಗೂ ಅನುಮಾನವಿರಲಿಲ್ಲ. ಅದರ ಕೆಳಗೆ, ನನ್ನ ಬೆರಳನ್ನು ಯಾರೂ ಹಿಡಿಯಗೊಡದೆ, ಭಾನುವಾರದವಳ ಕೈಯಲ್ಲಿ ನನ್ನ ಹೆಸರು ಬರೆಸಿದೆ. ಈ ಬರಹವನ್ನೂ ಅವಳೇ ಬರೆದುಕೊಳ್ಳುತ್ತಿದ್ದಾಳೆ. ಈಗ ಅವಳಿಗೆ ವಾರಪೂರ್ತಿ ಕೆಲಸ, ಸೋಮವಾರ ರಜ.

ಗಂಟು ಬಿಚ್ಚಿದ ಮರುದಿನ ಮಧ್ಯಾಹ್ನ ಅಕ್ಕ ತೀರಿಕೊಂಡಳು. ಮತ್ತೆ ಕಟ್ಟಲು ಯಾರಿಗೂ ಧೈರ್ಯ ಬಂದಿರಲಿಲ್ಲ. ನಾನು ಹೋಗಿ ನೋಡಿದಾಗ ಅವಳ ಎರಡೂ ಕೈ ಬಿಚ್ಚೇ ಇದ್ದವು.